ಪಡಸಾಲೆಯಲ್ಲಿ ಕಡಲು

ಹೋದ ವಾರ ಹುಮನಾಬಾದಿನ ಹಾಲಿನ ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಅಳೆಯುವವನು ಉದ್ದನೆಯ ಪಾತ್ರೆಗೆ ಹಾಲು ಸುರಿದು ಅದರಲ್ಲಿ ಗಾಜಿನ ಕಡ್ಡಿಯನ್ನು ಬಿಟ್ಟ. ಕೆಳಗೆ ಗುಂಡಗಿನ ಹೊಟ್ಟೆ, ಮೇಲೆ ಸಣ್ಣ ಕತ್ತು, ಕತ್ತಿನ ಮೇಲೆ ಗೆರೆಗಳು. ಅದು ಒಮ್ಮೆ ಮುಳುಗಿ ಎದ್ದು ತೂಗಾಡಿ ನಿಂತಿತು. ಸುತ್ತಲೂ ಹಸಿ ಹಾಲಿನ ವಾಸನೆ. ನನ್ನ ಮೂಗಿಗೆ ಮಾತ್ರ ಬಂದದ್ದು ಕಡಲಿನ ವಾಸನೆ...

ಇದನ್ನು ಕೇಳಿದರೆ ಯಾರಾದರೂ ನಕ್ಕಾರು. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಡಲು ನೋಡಿದವಳಲ್ಲ. ಹುಮನಾಬಾದು, ಬಸವಕಲ್ಯಾಣ, ಹೆಚ್ಚೆಂದರೆ ಬೀದರ. ಆದರೆ ಕಡಲ ನೀರು ಚೊಕ್ಕವಾಗಿದ್ದಾಗ ಹೇಗೆ ನಾರುತ್ತದೆ, ಕೆಡಲು ಹತ್ತಿದಾಗ ಹೇಗೆ ನಾರುತ್ತದೆ, ಎರಡೂ ನನಗೆ ಗೊತ್ತು. ಕಲಿಸಿದವರು ನನ್ನ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಒಂದು ಸಾಲು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೆ. ಆ ಗಾಜಿನ ಕಡ್ಡಿ ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ವೈನಿ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಅವರ ತಂದೆ ನಮ್ಮ ಕಡೆಯವರೇ, ಕೊಹಿನೂರ ಎಂಬ ಹಳ್ಳಿಯವರು. ಬಟ್ಟೆ ಗಿರಣಿಯ ಕೆಲಸಕ್ಕೆಂದು ಹೋಗಿ ಅಲ್ಲಿಯೇ ಉಳಿದುಬಿಟ್ಟಿದ್ದರು. ಸಂಸಾರಕ್ಕೆಲ್ಲ ಒಂದೇ ಖೋಲಿ. ಆ ಒಂದು ಖೋಲಿಯಲ್ಲಿಯೂ ಕಿಟಕಿಯ ಕೆಳಗಿನ ಜಾಗ ಮನುಷ್ಯರದಲ್ಲ. ಅಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರ ತುಂಬ ಕಡಲ ನೀರು, ನೀರಿನೊಳಗೆ ಕಡಲ ಜೀವಗಳು. ಕೆರೆಯ ಮೀನನ್ನು ಯಾರಾದರೂ ಸಾಕಿಯಾರು. ಕಡಲಿನದು ಹಾಗಲ್ಲ, ನೀರು ಒಂದಿಷ್ಟು ಹೆಚ್ಚುಕಡಿಮೆ ಆದರೂ ಅವು ತಾಳುವುದಿಲ್ಲ. ವೈನಿಯ ತಂದೆ ಗಿರಣಿಯ ಪಾಳಿ ಮುಗಿಸಿ ಬಂದವರೇ ಕೈಕಾಲು ತೊಳೆಯುವ ಮೊದಲು ಆ ನೀರನ್ನು ಮೂಸಿ ನೋಡುತ್ತಿದ್ದರಂತೆ. ವೈನಿ ಮದುವೆಯಾಗಿ ನನ್ನ ತವರಿಗೆ, ಬಸವಕಲ್ಯಾಣಕ್ಕೆ ಬಂದಾಗ ನಾನಿನ್ನೂ ಮ್ಯಾಟ್ರಿಕ್ ಓದುತ್ತಿದ್ದೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಅವರು ಈ ಮಾತು ಹೇಳುವಾಗ ನಾನು ಅರ್ಧ ನಂಬುತ್ತಿದ್ದೆ, ಅರ್ಧ ಇಲ್ಲ.

ಆಮೇಲೆ ನನ್ನ ಮದುವೆಯಾಯಿತು. ಹುಮನಾಬಾದಿಗೆ ಬಂದೆ. ನಮ್ಮ ಮನೆಯವರದು ಮುಂಬಯಿ-ಹೈದರಾಬಾದ ರಸ್ತೆಯ ಮೇಲೆ ಲಾರಿಗಳ ಟೈರು, ಟ್ಯೂಬು, ಪಂಕ್ಚರಿನ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಕೆಲವು ವರ್ಷ ಕಳೆದ ಮೇಲೆ ವೈನಿಯ ತಂದೆ ತೀರಿಕೊಂಡ ಸುದ್ದಿ ಬಂತು. ಅಣ್ಣ ವೈನಿಯನ್ನು ಕರೆದುಕೊಂಡು ಮುಂಬಯಿಗೆ ಹೋದ. ಎಲ್ಲ ಕಾರ್ಯ ಮುಗಿಸಿ ಅವರು ಹಿಂತಿರುಗಿದ್ದು ರೈಲಿನಲ್ಲಿ ಅಲ್ಲ, ನಮ್ಮ ಅಂಗಡಿಗೆ ಬರುತ್ತಿದ್ದ ಲಾರಿಯೊಂದರಲ್ಲಿ. ಅದರ ಡ್ರೈವರ್ ಹುಮನಾಬಾದಿನವನೇ, ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಮುದುಕ.

ಲಾರಿ ನಿಂತಿತು. ವೈನಿ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮನ್ನು ಕೂಸಿನ ಹಾಗೆ ಅಪ್ಪಿಕೊಂಡು ಕುಳಿತಿದ್ದರು. ಅತ್ತು ಅತ್ತು ಕಣ್ಣು ಬಾತಿದ್ದವು. ನಾನು ಹತ್ತಿರ ಹೋದಾಗ ಅವರೇ ಹೇಳಿದರು: “ತಂಗಿ, ಮೊದಲ ನೆರಳ ತೋರ್ಸು. ನನಗಲ್ಲ, ಇವಕ್ಕ.”

ಚಾಚಾ ಇಳಿದು ಬೆನ್ನು ನೆಟ್ಟಗೆ ಮಾಡಿಕೊಂಡ. “ಬೇಟಿ, ಸಿಮೆಂಟ್ ತಂದೀನಿ, ಉಳ್ಳಾಗಡ್ಡಿ ತಂದೀನಿ, ಎಮ್ಮಿ ಸುದ್ದಾ ತಂದೀನಿ. ಸಮುಂದರ್ ತಂದಿದ್ದು ಇದೇ ಪೈಲಾ. ತಗ್ಗು ಬಂತಂದ್ರ ಸಾಕು, ‘ಚಾಚಾ ಸಾವಕಾಶ, ಚಾಚಾ ಸಾವಕಾಶ’. ನನ್ನ ಬೀವಿನೂ ಇಷ್ಟು ಬೈದಿಲ್ಲ ನೋಡು.”

ಸಪ್ಪಗಿದ್ದ ವೈನಿಯ ಮುಖದಲ್ಲಿ ಆಗ ಸಣ್ಣಗೆ ನಗು ಬಂತು.

ಡ್ರಮ್ಮಿನೊಳಗೆ ಬಗ್ಗಿ ನೋಡಿದೆ. ಅಂಗೈ ಅಗಲದ ಎರಡು ಮೀನು, ಹಳದಿ ಮೈಗೆ ಕಪ್ಪು ಪಟ್ಟೆ. ತಳದಲ್ಲಿ ಒಂದು ಕಲ್ಲು, ಕಲ್ಲಿಗೆ ಅಂಟಿಕೊಂಡು ಮುದುಡಿದ ಮಾಂಸದ ಮುದ್ದೆಯಂಥದ್ದು. “ಅದು ಕಡಲಹೂ,” ಎಂದರು ವೈನಿ. ಹೆಸರಷ್ಟೇ ಹೂ. ಬಾಯಿ ಇದೆ, ಹೊಟ್ಟೆ ಇದೆ, ಬೆರಳಿನಂಥ ನೂರಾರು ಎಸಳುಗಳಿಂದ ತುತ್ತು ಹಿಡಿದು ತಿನ್ನುವ ಪ್ರಾಣಿ. ವೈನಿ ಸಣ್ಣವರಿದ್ದಾಗಿನಿಂದ ಅದು ಅವರ ತಂದೆಯ ಹತ್ತಿರ ಇತ್ತಂತೆ. ಖೋಲಿ ಬಿಡುವ ಹೊತ್ತಿಗೆ ತಮ್ಮಂದಿರು ಪಾತ್ರೆ ಪಗಡ ಹಂಚಿಕೊಂಡರು, ಇವುಗಳನ್ನು ಕಡಲಿಗೆ ಬಿಟ್ಟುಬಿಡೋಣ ಎಂದರು. ವೈನಿ ತಮಗೆ ಬೇರೇನೂ ಬೇಡ, ಇದನ್ನು ಕೊಡಿ ಎಂದು ಕೇಳಿ ತಂದಿದ್ದರು. “ಅಪ್ಪ ಸಾಕಿದ ಜೀವ ಅಪ್ಪನ ಸಂಗಟೇ ಹೋಗಬಾರದು,” ಎಂದರು. ಅಷ್ಟೇ. ಆಮೇಲೆ ಈ ವಿಷಯದಲ್ಲಿ ಅವರು ದೊಡ್ಡ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಕಲ್ಯಾಣದ ಮನೆಯಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು. ನನ್ನ ಅವ್ವ ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟದವಳು. ನಮ್ಮ ಮನೆಯಲ್ಲಿ ತತ್ತಿಯ ಹೆಸರು ಹೇಳುವಾಗಲೂ ದನಿ ತಗ್ಗಿಸುತ್ತಿದ್ದೆವು. ಅದೇ ಲಾರಿಯಲ್ಲಿ ಬಂದ ಗಾಜಿನ ಪೆಟ್ಟಿಗೆ ಪಡಸಾಲೆಯಲ್ಲಿ ಕೂತದ್ದನ್ನು ನೋಡಿ ಅವ್ವ ಸೊಂಟದ ಮೇಲೆ ಕೈ ಇಟ್ಟಳು.

“ಲಿಂಗಪೂಜಿ ಮನ್ಯಾಗ ಮೀನಾ?”

“ತಿನ್ನಾಕಲ್ರಿ ಅತ್ತಿ, ಸಾಕಾಕ.”

ಅವ್ವ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದಳು. ಬೀಗರು ಸತ್ತು ತಿಂಗಳಾಗಿರಲಿಲ್ಲ, ಆ ಮಾತು ಅವಳ ಮನಸ್ಸಿನಲ್ಲಿಯೂ ಇದ್ದಿರಬೇಕು. ಕೊನೆಗೆ ಹೇಳಿದಳು: “ನಿಮ್ಮಪ್ಪನ ನೆನಪು ಅಂತೀ, ಬ್ಯಾಡ ಅನ್ನಂಗಿಲ್ಲ. ಆದ್ರ ಕೇಳು. ನನ್ನ ಮನ್ಯಾಗ ಒಂದು ಮೀನ ಸತ್ತು ತೇಲ್ತಂದ್ರ, ಅವತ್ತೇ ಈ ಪೆಟ್ಟಗಿ ಹೊರಗ.”

“ಆಗ್ಲಿರಿ ಅತ್ತಿ,” ಎಂದರು ವೈನಿ. ಅಷ್ಟು ದೊಡ್ಡ ಷರತ್ತನ್ನು ಅಷ್ಟು ಸಣ್ಣ ದನಿಯಲ್ಲಿ ಒಪ್ಪಿಕೊಂಡರು.

ಮೊದಲ ಜಗಳ ಊಟದ್ದು. ಆ ಜೀವಗಳಿಗೆ ಹಿಟ್ಟು, ಅನ್ನ ಆಗುವುದಿಲ್ಲ, ಜೀವವೇ ಬೇಕು. ವೈನಿ ದನದ ಕೊಟ್ಟಿಗೆಯ ಹಿಂದೆ ನಿಂತ ನೀರಿನಲ್ಲಿ ಕುಣಿಯುವ ಹುಳುಗಳನ್ನು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು, ಮೀನಿಗೆ ಚಿಟಿಕೆ ಚಿಟಿಕೆಯಾಗಿ ಹಾಕುತ್ತಿದ್ದರು. ಅವು ತಿಂದು ಮುಗಿಸಿದ ಮೇಲೆಯೇ ಮುಂದಿನ ಚಿಟಿಕೆ. ಅವ್ವ ಒಂದು ದಿನ ಹಿಡಿದಳು. “ಏನದು? ಜೀವಹತ್ಯಾ ಮಾಡ್ಲಾಕತ್ತಿ?”

“ಹೌದ್ರಿ ಅತ್ತಿ. ಇವು ಸೊಳ್ಳಿ ಮಕ್ಕಳು. ನಾಳಿ ದೊಡ್ಡವಾಗಿ ನಿಮಗ ಕಚ್ಚತಾವ. ಬಿಡ್ಲೇನ್ರಿ?”

ಮರುದಿನದಿಂದ ಬಚ್ಚಲ ಹಿಂದಿನ ಗುಂಡಿಯಲ್ಲಿಯೂ ಹುಳು ಬಹಳ ಇವೆ ಎಂದು ಅವ್ವನೇ ತೋರಿಸತೊಡಗಿದಳು.

ನನ್ನ ಪಾಲಿಗೆ ಬಂದದ್ದು ನೀರು ಮತ್ತು ಗಾಳಿ. ಚಾಚಾನ ಲಾರಿ ಮುಂಬಯಿಯಿಂದ ಬರುವಾಗ ಕಲ್ಯಾಣದ ಕ್ರಾಸನ್ನು ದಾಟಿಯೇ ಬರುತ್ತಿತ್ತು, ಆದರೆ ಅಲ್ಲಿ ನಿಲ್ಲುತ್ತಿರಲಿಲ್ಲ, ಅವನ ಊಟ ಹುಮನಾಬಾದಿನಲ್ಲಿ. ಹಾಗಾಗಿ ಕಡಲ ನೀರಿನ ಡಬ್ಬಿಗಳು ಕಲ್ಯಾಣವನ್ನು ದಾಟಿ ನನ್ನಲ್ಲಿಗೆ ಬಂದು, ನನ್ನಿಂದ ಬಸ್ಸು ಹತ್ತಿ ಮತ್ತೆ ಹಿಂದಕ್ಕೆ ಕಲ್ಯಾಣಕ್ಕೆ ಹೋಗುತ್ತಿದ್ದವು. ಮೊದಲ ಸಲ ಚಾಚಾ ಹಡಗು ನಿಲ್ಲುವ ಕಟ್ಟೆಯ ಹತ್ತಿರ ತುಂಬಿ ತಂದಿದ್ದ. ವೈನಿ ಮುಚ್ಚಳ ತೆಗೆದು ಮೂಸಿದವರೇ ಅಷ್ಟನ್ನೂ ಅಂಗಳಕ್ಕೆ ಸುರಿದರು. ಎಣ್ಣೆಯ ಬಣ್ಣಬಣ್ಣದ ಪೊರೆ ನೆಲದ ಮೇಲೆ ಹರಡಿತು. “ಸಮುಂದರ್ ಸಮುಂದರೇ ಅಲ್ಲೇನು?” ಎಂದು ಚಾಚಾ ನನ್ನ ಮುಂದೆ ಮುನಿಸಿಕೊಂಡ. ಆದರೆ ಮುಂದಿನ ಸಲದಿಂದ ಒಳಗೆ ದೂರ ಹೋಗುವ ಮೀನುಗಾರರ ದೋಣಿಯವರ ಕೈಯಲ್ಲಿ ಡಬ್ಬಿ ಕೊಟ್ಟು ತರಿಸಿದ. ಆ ನೀರನ್ನು ಮೊದಲು ನಾನು ಮೂಸಿದೆ. ಏನೆಂದು ಹೇಳಲಿ... ಮಳೆ ಬಂದ ಮೇಲೆ ಕಲ್ಲಿನ ಗೋಡೆ ನಾರುತ್ತದಲ್ಲ, ಅದಕ್ಕೆ ಒಂದಿಷ್ಟು ಉಪ್ಪು ಬೆರೆಸಿದ ಹಾಗೆ.

ನೀರಿನೊಳಗೆ ಗುಳ್ಳೆ ಬಿಡುವ ಯಂತ್ರವನ್ನು ವೈನಿ ಮುಂಬಯಿಯಿಂದ ತಂದಿದ್ದರು. ಅದು ಕರೆಂಟಿನದು. ಕಲ್ಯಾಣದಲ್ಲಿ ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ನಮ್ಮ ಮನೆಯವರು ಅದಕ್ಕೆ ಒಂದು ಉಪಾಯ ಮಾಡಿಕೊಟ್ಟರು. ಲಾರಿಯ ಹಳೆಯ ಟ್ಯೂಬಿಗೆ ಗಟ್ಟಿಯಾಗಿ ಗಾಳಿ ತುಂಬಿ, ಬಾಯಿಗೆ ಸಣ್ಣ ತಿರುಪು, ತಿರುಪಿಗೆ ಸಪೂರ ರಬ್ಬರಿನ ಕೊಳವೆ. ಕರೆಂಟು ಹೋದಾಗ ತಿರುಪನ್ನು ತುಸು ಸಡಿಲಿಸಿದರೆ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಪಡಸಾಲೆಯ ಮೂಲೆಯಲ್ಲಿ ಆ ಕಪ್ಪು ಟ್ಯೂಬು ದಪ್ಪಗೆ ಬಿದ್ದುಕೊಂಡಿರುತ್ತಿತ್ತು. ಬಂದ ಬೀಗರು ಅದನ್ನು ನೋಡಿ, “ಲಾರಿ ಯಾವಾಗ ತಗೊಂಡ್ರಿ?” ಎಂದು ಕೇಳುತ್ತಿದ್ದರು.

ಮೊದಲ ಬೇಸಿಗೆಯಲ್ಲಿಯೇ ಎಲ್ಲ ಮುಗಿದುಹೋಗುತ್ತದೆ ಎಂದುಕೊಂಡಿದ್ದೆವು. ಮೀನುಗಳು ಮೂಲೆ ಹಿಡಿದು ನಿಂತವು, ತಿನ್ನುವುದನ್ನು ಬಿಟ್ಟವು. ಹೂ ಮುದುಡಿತು. ವೈನಿ ಮಾಡುತ್ತಿದ್ದುದು ಅವರ ತಂದೆ ಮಾಡುತ್ತಿದ್ದುದನ್ನೇ, ನೀರು ಇಳಿದಾಗ ಕಡಲ ನೀರನ್ನೇ ಸೇರಿಸುತ್ತಿದ್ದರು. ಆದರೆ ಮುಂಬಯಿಯ ಗಾಳಿ ಹಸಿ, ಅಲ್ಲಿ ಪೆಟ್ಟಿಗೆಯ ನೀರು ಇಳಿಯುವುದು ಅಷ್ಟಕ್ಕಷ್ಟೆ. ನಮ್ಮ ಬಿಸಿಲು ನೀರನ್ನು ಕುಡಿಯುತ್ತದೆ. ನೀರು ಆರಿದರೂ ಉಪ್ಪು ಅಲ್ಲಿಯೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಉಪ್ಪುನೀರು ಹಾಕಿದರೆ?

ಇದು ಅವರಿಗೆ ಹೊಳೆದದ್ದು ಒಂದು ಬೆಳಿಗ್ಗೆ, ಅವ್ವ ಹಾಲಿನವನ ಜೊತೆ ಜಗಳ ಮಾಡುತ್ತಿದ್ದಾಗ. ಮೋರಖಂಡಿಯಿಂದ ಬರುತ್ತಿದ್ದ ಗೌಳಿಯ ಮೇಲೆ ಅವ್ವನಿಗೆ ಸದಾ ಅನುಮಾನ. ಅದಕ್ಕಾಗಿಯೇ ಅಣ್ಣನಿಂದ ಹಾಲಿನ ಕಡ್ಡಿ ತರಿಸಿಟ್ಟಿದ್ದಳು. ತೆಳುವಾದ ಹಾಲಿನಲ್ಲಿ ಕಡ್ಡಿ ಮುಳುಗುತ್ತದೆ, ಗಟ್ಟಿ ಹಾಲಿನಲ್ಲಿ ಮೇಲೆ ನಿಲ್ಲುತ್ತದೆ. ವೈನಿ ಅವ್ವನ ಕೈಯಿಂದ ಕಡ್ಡಿಯನ್ನು ಕೇಳಿ ಪಡೆದು, ತೊಳೆದು, ಮುಚ್ಚಳ ತೆಗೆಯದೆ ಇಟ್ಟಿದ್ದ ಡಬ್ಬಿಯ ಹೊಸ ಕಡಲ ನೀರಿನಲ್ಲಿ ಬಿಟ್ಟರು. ನಿಂತ ಗೆರೆಯನ್ನು ನೋಡಿಕೊಂಡರು. ಆಮೇಲೆ ಪೆಟ್ಟಿಗೆಯ ನೀರಿನಲ್ಲಿ ಬಿಟ್ಟರು. ಕಡ್ಡಿ ಕತ್ತು ನೀಡಿ ಎಷ್ಟೋ ಮೇಲೆ ನಿಂತಿತು.

ಗೌಳಿ ಚರಿಗೆ ಹಿಡಿದುಕೊಂಡು ಬಗ್ಗಿ ನೋಡಿದ. “ಅವ್ವಾರ, ನಿಮ್ಮನ್ಯಾಗಿನ ನೀರೇ ನನ್ನ ಹಾಲಿಗಿಂತ ಗಟ್ಟಿ ಅದಲ್ರಿ!”

“ಅದನ್ನೇ ನಾ ದಿನಾ ಹೇಳಾಕತ್ತೀನಿ,” ಎಂದಳು ಅವ್ವ.

ಅವತ್ತಿನಿಂದ ಮಾಳಿಗೆಯ ಮೇಲೆ ಹಿಡಿದಿಟ್ಟ ಮಳೆಯ ನೀರನ್ನು ದಿನಕ್ಕಿಷ್ಟು ಎಂದು ನಿಧಾನವಾಗಿ ಸೇರಿಸಿ, ಕಡ್ಡಿಯನ್ನು ಸರಿಯಾದ ಗೆರೆಗೆ ಇಳಿಸಿದರು. ಒಮ್ಮೆಲೇ ಸುರಿದರೂ ಅವು ಸಾಯುತ್ತಿದ್ದವಂತೆ. ಗಾಜಿನ ಹೊರಮೈಗೆ ಬಾಗಿಲ ಬಣ್ಣದಲ್ಲಿ ಒಂದು ಗೀಟು ಎಳೆದರು, ನೀರು ಆ ಗೀಟಿಗಿಂತ ಇಳಿದರೆ ಸಿಹಿನೀರು, ಉಪ್ಪುನೀರಲ್ಲ. ಮೀನುಗಳು ಮೂಲೆ ಬಿಟ್ಟು ಬಂದವು. ಅವ್ವನಿಗೆ ಮಾತ್ರ ಹಾಲಿಗೂ ಮೀನಿಗೂ ಒಂದೇ ಕಡ್ಡಿ ಸರಿಬರಲಿಲ್ಲ. ಅಣ್ಣ ಇನ್ನೊಂದು ತರಬೇಕಾಯಿತು.

ಇಷ್ಟರಲ್ಲಿ ಅವ್ವ ಬದಲಾಗಿದ್ದಳು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಯಾರಾದರೂ ಮನೆಗೆ ಬಂದರೆ ನೀರು ಕೊಡುವ ಮೊದಲೇ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸುತ್ತಿದ್ದಳು. “ಇವು ಮುಂಬೈವು. ಕೆರಿ ಮೀನಲ್ಲ,” ಎನ್ನುತ್ತಿದ್ದಳು. ಆ ಅಭಿಮಾನದಿಂದಲೇ ಆ ಶ್ರಾವಣ ಸೋಮವಾರದ ಅನಾಹುತ ಆಯಿತು.

ಆ ದಿನ ಚಾಚಾನ ಲಾರಿ ಬರುವುದಿತ್ತು. ವೈನಿ ನೀರಿಗೆಂದು ಬೆಳಿಗ್ಗೆಯ ಬಸ್ಸಿಗೆ ಹುಮನಾಬಾದಿಗೆ ಬಂದಿದ್ದರು. ಹಬ್ಬದ ಊಟಕ್ಕೆ ನಾನೂ ತವರಿಗೆ ಹೊರಟೆ. ತುಂಬಿದ ಡಬ್ಬಿಗಳನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಇಬ್ಬರೂ ಮಧ್ಯಾಹ್ನದ ಬಸ್ಸಿನಲ್ಲಿ ಕಲ್ಯಾಣಕ್ಕೆ ಹೋದೆವು. ದಾರಿಯುದ್ದಕ್ಕೂ ವೈನಿ ನಗಿಸುತ್ತಿದ್ದರು. ಏನು ಮಾತಾಡಿದೆವೋ, ಈಗ ಒಂದೂ ನೆನಪಾಗುತ್ತಿಲ್ಲ...

ಮನೆಯ ಮುಂದೆ ಚಪ್ಪಲಿಗಳ ರಾಶಿ. ನಾರಾಯಣಪುರದ ಶಿವನ ಗುಡಿಗೆ ಹೋಗಿದ್ದ ಓಣಿಯ ಹೆಂಗಸರೆಲ್ಲ ಹಿಂತಿರುಗುವಾಗ ಅವ್ವನ ಜೊತೆ ನಮ್ಮ ಮನೆಗೆ ಬಂದಿದ್ದರು, ಕಡಲ ಮೀನು ನೋಡಲು. ನಮ್ಮಲ್ಲಿ ಶ್ರಾವಣದಲ್ಲಿ ಕೆರೆಯ ಮೀನಿಗೆ ಪುಟಾಣಿ, ಅಂದರೆ ಹುರಿಗಡಲೆ, ಚುರುಮುರಿ ಹಾಕುವುದು ದೊಡ್ಡ ಪುಣ್ಯ. ಕಡಲ ಮೀನಿಗೆ ಹಾಕಿದರೆ ಇನ್ನೆಷ್ಟಿರಬೇಡ? ಪ್ರತಿಯೊಬ್ಬರೂ ಉಡಿಯಲ್ಲಿದ್ದ ಪ್ರಸಾದದಿಂದ ಒಂದೊಂದು ಹಿಡಿ ಹಾಕಿದ್ದರು. ಪುಟಾಣಿ, ಚುರುಮುರಿ, ಕೊಬ್ಬರಿ, ಸಕ್ಕರೆ. ಮೊದಲ ಹಿಡಿ ಅವ್ವನದು.

“ಬಾ ಬಾ,” ಎಂದಳು ಅವ್ವ, ಮುಖ ಅರಳಿಸಿಕೊಂಡು. “ಇವತ್ತ ನಿನ್ನ ಮೀನಕ್ಕ ಭಾಳ ಮಂದಿ ಪ್ರಸಾದ ಹಾಕ್ಯಾರ. ಹೊಟ್ಟಿ ತುಂಬ ಉಂಡಾವ.”

ವೈನಿ ಡಬ್ಬಿಗಳನ್ನು ಅಲ್ಲಿಯೇ ಬಿಟ್ಟರು. ಪೆಟ್ಟಿಗೆಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ನೆನೆದು ಉಬ್ಬಿದ ಚುರುಮುರಿ ಮೇಲೆಲ್ಲ ತೇಲುತ್ತಿತ್ತು. ಕರೆಂಟು ಯಾವಾಗಲೋ ಹೋಗಿತ್ತು, ಗುಳ್ಳೆ ನಿಂತಿತ್ತು, ಆ ಗದ್ದಲದಲ್ಲಿ ಟ್ಯೂಬಿನ ತಿರುಪು ಯಾರಿಗೂ ನೆನಪಾಗಿರಲಿಲ್ಲ. ಎರಡೂ ಮೀನುಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಉಸಿರಿಗೆ ಒದ್ದಾಡುತ್ತಿದ್ದವು. ಹೂ ಒಣಗಿದ ಅಡಿಕೆಯ ಹಾಗೆ ಮುದುಡಿ ಕಪ್ಪಾಗಿತ್ತು. ವೈನಿ ಮೊಣಕಾಲೂರಿ ನೀರನ್ನು ಮೂಸಿದರು. ನಾನೂ ಮೂಸಿದೆ. ಮಳೆಯ ಕಲ್ಲುಗೋಡೆಯ ವಾಸನೆ ಇರಲಿಲ್ಲ, ಹಳಸಿದ ಅಂಬಲಿಯದು ಇತ್ತು.

“ಕೆರ್ಯಾಗ ಬುಟ್ಟಿಗಟ್ಲೆ ಹಾಕ್ತೀವಲ್ಲವ್ವ, ಎಂದೂ ಏನೂ ಆಗಿಲ್ಲ,” ಎಂದಳು ಪಕ್ಕದ ಮನೆಯಾಕೆ.

“ಅದು ಕೆರಿ ಅದರಿ,” ಎಂದರು ವೈನಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೆ ಅವರಲ್ಲಿ ಆಗ ಪುರಸೊತ್ತಿರಲಿಲ್ಲ.

ನನಗೆ ಟ್ಯೂಬು ತೋರಿಸಿದರು. ತಿರುಪು ಸಡಿಲಿಸಿ ಕೊಳವೆಯನ್ನು ನೀರಿಗೆ ಬಿಟ್ಟೆ. ಆದರೆ ಆ ನೀರಿನಲ್ಲಿ ಇಟ್ಟುಕೊಂಡು ಉಳಿಸಲಾಗದು ಎಂಬುದು ನನಗೂ ಕಾಣುತ್ತಿತ್ತು. ನಾವು ತಂದ ಹೊಸ ನೀರಿಗೆ ಅವನ್ನು ತಕ್ಷಣ ಸೇರಿಸಬೇಕಿತ್ತು. ಡಬ್ಬಿಯ ಬಾಯಿ ಕೈ ಹೋಗದಷ್ಟು ಸಣ್ಣದು. ಅಗಲ ಬಾಯಿಯ ಪಾತ್ರೆ ಬೇಕು. ಅವ್ವ ಓಡಿಹೋಗಿ ದೇವರ ಮನೆಯಿಂದ ತಾಮ್ರದ ಕೊಡಪಾನ ತಂದಳು, ಹುಣಸೆಹಣ್ಣು ಹಚ್ಚಿ ಅಂದೇ ಬೆಳಗಿದ್ದು, ಬೆಂಕಿಯ ಹಾಗೆ ಹೊಳೆಯುತ್ತಿತ್ತು.

“ತಾಮ್ರ ಬ್ಯಾಡ್ರೀ!” ಎಂದು ವೈನಿ ಕೂಗಿಬಿಟ್ಟರು.

ಹೆಂಗಸರೆಲ್ಲ ತಿರುಗಿ ನೋಡಿದರು. ಅತ್ತೆಯ ಮೇಲೆ ಸೊಸೆ ದನಿ ಎತ್ತಿದ್ದನ್ನು ಆ ಮನೆ ಕೇಳಿರಲಿಲ್ಲ.

“ದೇವರಿಗೆ ನಡೀತದ, ಇವಕ್ಕ ನಡಿಯಂಗಿಲ್ಲೇನು?” ಎಂದಳು ಅವ್ವ, ಕೊಡಪಾನ ಕೈಯಲ್ಲೇ ಇತ್ತು.

“ನಡಿಯಂಗಿಲ್ರಿ ಅತ್ತಿ. ತಾಮ್ರ ಹತ್ತಿದ ನೀರು ಹೂವಿಗೆ ವಿಷ. ಹಿತ್ತಾಳಿನೂ ಬ್ಯಾಡ, ಕಬ್ಬಣನೂ ಬ್ಯಾಡ.” ಆಗ ಅವರ ಕಣ್ಣು ತುಂಬಿ ಬಂದವು. “ಅಪ್ಪ ಇದೊಂದ ಬಿಟ್ಟು ಹೋಗ್ಯಾನ್ರಿ.”

ನಮ್ಮ ಮನೆಯಲ್ಲಿ ಇದ್ದುದೆಲ್ಲ ತಾಮ್ರ, ಹಿತ್ತಾಳೆ, ಕಬ್ಬಿಣ. ಮುಂಬಯಿಯಿಂದ ಬಂದ ಪ್ಲಾಸ್ಟಿಕ್ ಡ್ರಮ್ಮು ಬಿಸಿಲಿಗೆ ಎಂದೋ ಒಡೆದಿತ್ತು. ಮಣ್ಣಿನ ಕೊಡಗಳ ಕತ್ತು ಸಣ್ಣದು. ಉಳಿದದ್ದು ಒಂದೇ: ಅಡುಗೆಮನೆಯ ಮೂಲೆಯಲ್ಲಿದ್ದ ಪಿಂಗಾಣಿಯ ದೊಡ್ಡ ಉಪ್ಪಿನ ಭರಣಿ. ಅವ್ವ ತನ್ನ ಮದುವೆಯಲ್ಲಿ ತಂದದ್ದು. ನಮ್ಮ ಕಡೆ ಉಪ್ಪಿನ ಭರಣಿಯನ್ನು ಖಾಲಿ ಇಡುವುದಿಲ್ಲ. ತಳ ಕಾಣುವ ಮೊದಲೇ ತುಂಬಬೇಕು, ಇಲ್ಲದಿದ್ದರೆ ಮನೆಯ ಲಕ್ಷ್ಮಿ ಹೋಗುತ್ತಾಳೆ. ನನ್ನ ಅಪ್ಪ ತೀರಿಕೊಂಡ ವಾರದಲ್ಲಿಯೂ ಅವ್ವ ಅದನ್ನು ತುಂಬುವುದನ್ನು ಮರೆತಿರಲಿಲ್ಲ. ಅವ್ವ ಒಳಗೆ ಹೋದಳು. ಉಪ್ಪು ಸುರಿಯುವ ಸದ್ದು ಕೇಳಿಸಿತು. ಬಿಳಿ ಸೀರೆಯೊಂದನ್ನು ನೆಲಕ್ಕೆ ಹಾಸಿ ಅದರ ಮೇಲೆ ಅಷ್ಟೂ ಉಪ್ಪನ್ನು ಸುರುವಿ, ಭರಣಿಯನ್ನು ತೊಳೆದು, ಎದೆಗೆ ಒತ್ತಿಕೊಂಡು ಹೊರಗೆ ತಂದಳು.

ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಹಚ್ಚಿದಳು. “ಯವ್ವಾ, ಉಪ್ಪಿನ ಭರಣಿ ಖಾಲಿ ಮಾಡ್ತಾರೇನು? ಅದೂ ಶ್ರಾವಣ ಸೋಮವಾರ!”

“ಖಾಲಿ ಎಲ್ಲಿ ಮಾಡಾಕತ್ತೀನಿ?” ಎಂದಳು ಅವ್ವ. “ಉಪ್ಪುನೀರೇ ತುಂಬಾಕತ್ತೀನಲ್ಲ. ಸುಮ್ಮ ಡಬ್ಬಿ ಹಿಡಿ.”

ಆಕೆಯೇ ಡಬ್ಬಿ ಹಿಡಿದಳು. ಬಿಸಿಲಲ್ಲಿ ಬಂದ ನೀರು ಬೆಚ್ಚಗಿತ್ತು. ಒದ್ದೆ ಬಟ್ಟೆ ಸುತ್ತಿ ಅದನ್ನು ಪೆಟ್ಟಿಗೆಯ ನೀರಿನ ಹದಕ್ಕೆ ತಂದು, ಭರಣಿಗೆ ತುಂಬಿ, ವೈನಿ ಮೊದಲು ಹೂ ಅಂಟಿದ ಕಲ್ಲನ್ನು, ಆಮೇಲೆ ಒಂದೊಂದಾಗಿ ಮೀನುಗಳನ್ನು ಇಳಿಸಿದರು. ಗಾಳಿಯ ಕೊಳವೆ ಭರಣಿಗೆ ಬಂತು. ಪೆಟ್ಟಿಗೆಯಲ್ಲಿ ಉಳಿದ ನೀರಿನಿಂದ ಪ್ರಸಾದದ ಒಂದೊಂದು ಅಗುಳನ್ನೂ ಬಟ್ಟೆಯಿಂದ ಎತ್ತಿದೆವು. ಪುಣ್ಯಕ್ಕೆಂದು ಹಾಕಿದ ಕೈಗಳೇ ಹೆಕ್ಕಿದವು. ಅಣ್ಣ ಪೇಟೆಯಲ್ಲಿದ್ದ ತನ್ನ ಅಂಗಡಿ ಮುಚ್ಚಿ ಬಂದವನು ಸೈಕಲ್ ಪಂಪಿನಿಂದ ಟ್ಯೂಬಿಗೆ ಗಾಳಿ ಹೊಡೆಯುತ್ತ ಕುಳಿತ. ಪೆಟ್ಟಿಗೆಯ ತಳದ ಮರಳನ್ನು ಕಡಲ ನೀರಿನಲ್ಲಿಯೇ ಜಾಲಾಡಿ, ಹಳೆಯ ನೀರನ್ನು ಹತ್ತಿ, ಇದ್ದಿಲಿನ ಮೂಲಕ ಸೋಸಿ ಸೋಸಿ ಬಿಟ್ಟೆವು. ಷರತ್ತಿನ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಎಲ್ಲರ ತಲೆಯಲ್ಲಿಯೂ ಅದೇ ಇತ್ತು. ಒಂದು ಮೀನು ತೇಲಿದರೆ ಪೆಟ್ಟಿಗೆ ಹೊರಗೆ. ಹಾಗೆ ಹೇಳಿದ್ದ ಅವ್ವ ಅವತ್ತು ಊಟ ಮಾಡಲಿಲ್ಲ.

ಭರಣಿಯೊಳಗೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವ್ವ ಅದರ ಬಾಯಿಯ ಮೇಲೆ ಬಗ್ಗಿ ನಿಂತಿದ್ದಳು. ಪೂಜೆ ಇನ್ನೂ ಆಗಿರಲಿಲ್ಲ. ಅವ್ವ ತಲೆ ಎತ್ತದೆಯೇ ಕೂಗಿದಳು: “ಏ, ಬಾ ಇಲ್ಲಿ! ನಿನ್ನ ಮಕ್ಕಳು ಹಸದಾವ, ಬಾಯಿ ತಗ್ಯಾಕತ್ತಾವ!”

ವೈನಿ ಓಡಿಬಂದರು. ಎರಡೂ ಮೀನು ತಳದಲ್ಲಿ ನೆಟ್ಟಗೆ ನಿಂತು ರೆಕ್ಕೆ ಆಡಿಸುತ್ತಿದ್ದವು. ಅತ್ತೆ ಸೊಸೆ ಇಬ್ಬರೂ ಒಂದೇ ಭರಣಿಯ ಮೇಲೆ ತಲೆಗೆ ತಲೆ ತಾಗಿಸಿ ನಕ್ಕದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಹೂ ಮಾತ್ರ ಬಹಳ ದಿನ ಮುದುಡಿಯೇ ಇತ್ತು. ನೀರು ತಿಳಿಯಾಗಿ, ಪೆಟ್ಟಿಗೆಗೆ ಎಲ್ಲವೂ ಮರಳಿದ ಮೇಲೆ ಒಂದು ಮಧ್ಯಾಹ್ನ ಅದು ಒಂದೊಂದೇ ಎಸಳು ಹೊರಗೆ ಚಾಚಿತು. ಅಣ್ಣ ಆ ಸುದ್ದಿಯನ್ನು ಹುಮನಾಬಾದಿಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ. ಉಪ್ಪಿನ ಭರಣಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಅವ್ವ ಉಪ್ಪಿಗೆ ಬೇರೊಂದು ತಂದುಕೊಂಡಳು.

ಎರಡು ವರ್ಷವಾಗಿರಬಹುದು, ಅದೇ ಕಂಡಕ್ಟರ್ ಒಂದು ದಿನ ನಮ್ಮ ಟೈರಿನ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ ಕೂಗಿ ಹೇಳಿದ: “ನಿಮ್ಮ ತವರಮನ್ಯಾಗ ಬಾಣಂತನ ಅದಂತ, ಲಗೂನ ಬರ್ಬೇಕಂತ್ರಿ!” ನಾನು ಗಾಬರಿಯಾಗಿ ಹೋದೆ. ಯಾರದು ಎಂದು ಕೇಳಿದರೆ ವೈನಿ ಪೆಟ್ಟಿಗೆ ತೋರಿಸಿದರು. ಕಪ್ಪೆಚಿಪ್ಪೊಂದರ ಒಳಮೈಗೆ ನೇರಳೆ ಬಣ್ಣದ ಸಣ್ಣ ಸಣ್ಣ ಮೊಟ್ಟೆಗಳು ಒತ್ತಾಗಿ ಅಂಟಿದ್ದವು. ಗಂಡುಮೀನು ಅವುಗಳ ಮುಂದೆ ನಿಂತು ಹಗಲೆಲ್ಲ ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ಹೆಣ್ಣು ಹತ್ತಿರ ಬಂದರೆ ಓಡಿಸುತ್ತಿತ್ತು. ವೈನಿ ಬೆರಳು ಹತ್ತಿರ ತಂದರೆ ಕಚ್ಚಿಯೇ ಬಿಡುತ್ತಿತ್ತು.

“ನಮ್ಮನಿ ಗಂಡಸರನ್ನ ಕರೀರಿ,” ಎಂದಳು ಅವ್ವ. “ಸಾಲಾಗಿ ನಿಂತು ನೋಡ್ಲಿ.”

ವೈನಿ ನಕ್ಕರು. ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು: “ಅಪ್ಪಂಗೆ ಇದು ಆಗಿದ್ದಿಲ್ಲ ತಂಗಿ. ಎಷ್ಟು ವರ್ಷ ಕಾದಾನ. ಕಡಲ ದಂಡಿ ಮ್ಯಾಲ ಇದ್ದೂ ಆಗಿದ್ದಿಲ್ಲ.” ಇಲ್ಲಿ ಆಯಿತು. ಕಡಲಿನಿಂದ ಇಷ್ಟು ದೂರದ ಈ ಒಣ ನೆಲದಲ್ಲಿ, ಹಾಲಿನ ಕಡ್ಡಿ, ಲಾರಿಯ ಟ್ಯೂಬು, ಮಾಳಿಗೆಯ ಮಳೆನೀರು ಇವುಗಳಿಂದ ಆಯಿತು. ಅಷ್ಟು ದೊಡ್ಡ ಸಂತೋಷವನ್ನು ಆ ಮುಖದಲ್ಲಿ ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮರಿಗಳು ಉಳಿಯಲಿಲ್ಲ. ಧೂಳಿನಷ್ಟು ಸಣ್ಣವು, ಅವುಗಳ ಬಾಯಿಗೆ ಹಿಡಿಸುವ ಆಹಾರ ನಮ್ಮಲ್ಲಿ ಎಲ್ಲಿಂದ ಬರಬೇಕು? ವೈನಿ ಸಪ್ಪಗಾದಾಗ ಅವ್ವನೇ ಸಮಾಧಾನ ಹೇಳಿದಳು: “ಕಣ್ಣಿಗೇ ಕಾಣಲಾರದ್ದು ನನ್ನ ಲೆಕ್ಕದಾಗ ಬರಂಗಿಲ್ಲ ಬಿಡು.” ಅದರಾಚೆಗೂ ಹಲವು ಸಲ ಮೊಟ್ಟೆ ಬಂದವು. ಶಾಲೆಯ ಮಕ್ಕಳು ಸಾಲಿನಲ್ಲಿ ಬಂದು ನೋಡಿ ಹೋದರು. ಓಣಿಯ ಹೆಂಗಸರೇ ಬಾಗಿಲಲ್ಲಿ ನಿಂತು ಎಲ್ಲರ ಮುಷ್ಟಿ ಬಿಚ್ಚಿಸಿ ಒಳಗೆ ಬಿಡುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಮೊದಲ ಮೀನು ಸತ್ತಾಗ ಅವ್ವನಿಗೆ ಕೈಲಾಗುತ್ತಿರಲಿಲ್ಲ, ಮಂಚದ ಮೇಲೆಯೇ ಇದ್ದಳು. ವೈನಿ ಅದನ್ನು ಅಂಗೈಯಲ್ಲಿ ತಂದು ತೋರಿಸಿ, “ಅತ್ತಿ, ಪೆಟ್ಟಗಿ ಹೊರಗ ಇಡ್ಲೇನ್ರಿ?” ಎಂದು ಕೇಳಿದರು. ಅವ್ವ ಬಹಳ ಹೊತ್ತು ನೋಡಿದಳು. ಪಟ್ಟೆಗಳು ಮಾಸಿ, ರೆಕ್ಕೆಯ ಅಂಚು ಸವೆದಿತ್ತು.

“ಇದು ಸತ್ತಿದ್ದಲ್ಲ,” ಎಂದಳು. “ಮುಪ್ಪಾಗಿ ಹೋಗ್ಯಾದ. ಕಡಲಾಗ ಇಷ್ಟು ದಿನ ಬದಕ್ತಿತ್ತೋ ಇಲ್ಲೋ. ಕರಿಬೇವಿನ ಬುಡಕ ಹಾಕು, ಪೆಟ್ಟಗಿ ಅಲ್ಲೇ ಇರ್ಲಿ.”

ಅವ್ವ ಹೋದಳು. ಎರಡನೆಯ ಮೀನೂ ಹೋಯಿತು. ಚಾಚಾ ಲಾರಿ ಬಿಟ್ಟು ಮನೆಯಲ್ಲಿ ಕುಳಿತ, ನೀರು ತರುವ ಕೆಲಸವನ್ನು ಅವನ ಮಗ ಹಿಡಿದ. ಕಡಲಹೂ ಮಾತ್ರ ಇತ್ತು. ವೈನಿ ಹಾಸಿಗೆ ಹಿಡಿದ ಮೇಲೆಯೂ ಅಣ್ಣನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಮಲಗಿದಲ್ಲಿಂದಲೇ ಹೇಳಿ ಮಾಡಿಸುತ್ತಿದ್ದರು. ಅದುವರೆಗೆ ಅಣ್ಣ ಟ್ಯೂಬಿಗೆ ಗಾಳಿ ಹೊಡೆಯುವುದು ಬಿಟ್ಟರೆ ಆ ನೀರಿಗೆ ಕೈ ಹಾಕಿದವನಲ್ಲ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ವೈನಿ ಮಾತು ನಿಲ್ಲಿಸಿದರು...

ಇದನ್ನು ಬರೆಯುತ್ತಿರುವ ಈ ವಾರ ನಾನು ಕಲ್ಯಾಣಕ್ಕೆ ಹೋಗಿ ಬಂದೆ. ಅಣ್ಣ ಪಡಸಾಲೆಯಲ್ಲಿ ಅಂಗಿಯ ತೋಳು ಮಡಚಿಕೊಂಡು ನೀರು ಬದಲಿಸುತ್ತಿದ್ದ. ಹಳೆಯದನ್ನು ಒಂದಿಷ್ಟು ಇಳಿಸಿ, ಹೊಸದನ್ನು ಗೋಡೆಯ ಗುಂಟ ಸಾವಕಾಶ ಬಿಡುತ್ತಿದ್ದ. ಇಷ್ಟು ದಿನ ಹೂ ಉಳಿದೀತೆಂದು ನಾನು ಅಂದುಕೊಂಡಿರಲಿಲ್ಲ. ಅದು ತಟ್ಟೆಯಷ್ಟು ಅಗಲ ಅರಳಿತ್ತು. ಅದರ ಪಕ್ಕದಲ್ಲಿ, ಅದೇ ಕಲ್ಲಿನ ಮೇಲೆ, ಪುಟಾಣಿ ಕಾಳಿನಷ್ಟು ಸಣ್ಣ ಇನ್ನೊಂದು ಹೂ. ದೊಡ್ಡದರ ಬುಡದಿಂದ ಒಡೆದು ಬಂದದ್ದು.

“ಯಾವಾಗ ಬಂತು ಅಣ್ಣಾ?”

“ಅಕಿ ಹೋದ ಮ್ಯಾಲೆ,” ಎಂದ. ಕೈ ಒರೆಸಿಕೊಂಡ. “ತಮ್ಮಪ್ಪಂದು ಅಕಿ ಉಳಿಸಿದಳು. ಅಕೀದು ನಾ ಉಳಿಸಬ್ಯಾಡಾ?” ಎಂದ.

ನಾನು ಬಗ್ಗಿ ನೀರನ್ನು ಮೂಸಿದೆ. ಚೊಕ್ಕವಾಗಿತ್ತು. ಹಾಗೆಂದು ಯಾರಿಗೆ ಹೇಳಬೇಕೋ ಅವರು ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅಣ್ಣನಿಗೇ ಹೇಳಿದೆ, ನೀರು ಚೊಕ್ಕ ಅದ ಅಂತ. ಅವನು ತಲೆ ಆಡಿಸಿ, ಸಣ್ಣ ಹೂವಿಗೆ ತುತ್ತು ಹಾಕಲು ಬಗ್ಗಿದ.